ವಿಮ್ ಎಡಿಟರನ್ನು ಕೈಗೆ ಒಗ್ಗಿಸಿಕೊಳ್ಳುವ ಬಗೆ

ಪ್ರೋಗ್ರಾಮಿಂಗ್‌ಗಾಗಿ ವಿಮ್ ಎಂಬ ಪಠ್ಯ ಸಂಪಾದಕವನ್ನು (ಎಡಿಟರ್) ಕಲಿಯಲು ಹೊರಟವರು ಮೊದಲ ವಾರದಲ್ಲೇ ಬೇರೊಬ್ಬರ ನೂರಾರು ಸಾಲಿನ ಸೆಟ್ಟಿಂಗ್ ಕಡತವನ್ನು ನಕಲು ಮಾಡಿಕೊಂಡು, ಯಾವ ಕೀಲಿ ಏಕೆ ಹಾಗೆ ವರ್ತಿಸುತ್ತದೆಂದು ತಿಳಿಯದೆ ಕೊನೆಗೆ ಎಡಿಟರನ್ನೇ ಕೈಬಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಖಾಲಿ ಕಡತದಿಂದ ಆರಂಭಿಸಿ, ಕೆಲಸದ ನಡುವೆ ಕೈಗೆ ತಡೆಯಾದಾಗ ಮಾತ್ರ ಒಂದೊಂದು ಸಾಲು ಸೇರಿಸಿ, ಅದರ ಕಾರಣವನ್ನು ಮೇಲೆಯೇ ಟಿಪ್ಪಣಿಯಾಗಿ ಬರೆದಿಡುವುದು ನಾನು ಸೂಚಿಸುವ ದಾರಿ. ಇಲ್ಲಿ ಕನ್ನಡ ಲಿಪಿಯಲ್ಲಿರುವ ಆಜ್ಞೆಗಳನ್ನೂ ಕಡತ, ಫೋಲ್ಡರುಗಳ ಹೆಸರುಗಳನ್ನೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಈ ಕಡತ ಹೋಮ್ ಫೋಲ್ಡರಿನಲ್ಲಿ '.ವಿಮ್‌ಆರ್‌ಸಿ' ಎಂಬ ಹೆಸರಿನಲ್ಲಿರುತ್ತದೆ. ವಿಂಡೋಸ್‌ನಲ್ಲಿ ಚುಕ್ಕಿಯ ಬದಲು ಅಂಡರ್‌ಸ್ಕೋರ್ ಇಡುವುದು ರೂಢಿ. ಅನೇಕರು ಎಡವುವುದು ಇಲ್ಲಿಯೇ. ವಿಮ್ 8ರಿಂದ ಈಚೆಗೆ, ನಿಮ್ಮದೇ ಕಡತ ಇಲ್ಲದಿದ್ದಾಗ ಎಡಿಟರ್ ತನ್ನ 'ಡಿಫಾಲ್ಟ್ಸ್.ವಿಮ್' ಅನ್ನು ಓದಿ ಕೋಡಿಗೆ ಬಣ್ಣ, ಕಡತದ ಬಗೆಯ ಗುರುತಿಸುವಿಕೆ ಮುಂತಾದವನ್ನು ಒದಗಿಸುತ್ತದೆ. ನೀವು ಖಾಲಿ ಕಡತವನ್ನು ರಚಿಸಿದ ಕ್ಷಣದಿಂದ ಅದನ್ನು ಓದುವುದಿಲ್ಲ, ಆದ್ದರಿಂದ ಇದ್ದ ಸೌಲಭ್ಯಗಳೂ ಮಾಯವಾಗುತ್ತವೆ. ಮೊದಲ ಸಾಲಾಗಿ 'ರನ್‌ಟೈಮ್ ಡಿಫಾಲ್ಟ್ಸ್.ವಿಮ್' ಎಂದು ಬರೆದರೆ ಅವೆಲ್ಲ ಮರಳಿ ಬರುತ್ತವೆ.

ಮುಂದಿನದು ಇಂಡೆಂಟ್, ಅಂದರೆ ಸಾಲಿನ ಆರಂಭದಲ್ಲಿ ಬಿಡುವ ಜಾಗ. 'ಟ್ಯಾಬ್‌ಸ್ಟಾಪ್' ಎಂಬುದು ಕಡತದಲ್ಲಿರುವ ಟ್ಯಾಬ್ ಅಕ್ಷರ ಎಷ್ಟು ಅಗಲವಾಗಿ ಕಾಣಬೇಕೆಂಬುದನ್ನೂ, 'ಶಿಫ್ಟ್‌ವಿಡ್ತ್' ಎಂಬುದು ಸಾಲನ್ನು ಒಂದು ಹಂತ ಸರಿಸಿದಾಗ ಎಷ್ಟು ಜಾಗ ಬಿಡಬೇಕೆಂಬುದನ್ನೂ, 'ಎಕ್ಸ್‌ಪ್ಯಾಂಡ್‌ಟ್ಯಾಬ್' ಎಂಬುದು ಟ್ಯಾಬ್ ಒತ್ತಿದಾಗ ಸ್ಪೇಸ್‌ಗಳು ಬರಬೇಕೆಂಬುದನ್ನೂ ನಿರ್ಧರಿಸುತ್ತವೆ. ಇವನ್ನು ಎಲ್ಲ ಭಾಷೆಗಳಿಗೂ ಒಟ್ಟಿಗೆ ಹೇರುವುದು ತಪ್ಪು, ಏಕೆಂದರೆ ಪೈಥಾನ್‌ನಲ್ಲಿ 4 ಸ್ಪೇಸ್‌ಗಳ ಸಂಪ್ರದಾಯವಿದ್ದರೆ ಗೋ ಭಾಷೆಯ ಫಾರ್ಮ್ಯಾಟರ್ ಟ್ಯಾಬನ್ನೇ ಬಳಸುತ್ತದೆ, ಪ್ರೋಗ್ರಾಂ ಕಟ್ಟುವ (ಬಿಲ್ಡ್) ಹಂತಗಳನ್ನು ಬರೆದಿಡುವ ಮೇಕ್‌ಫೈಲ್‌ನ ಆಜ್ಞೆಯ ಸಾಲುಗಳು ಟ್ಯಾಬಿನಿಂದ ಆರಂಭವಾಗದಿದ್ದರೆ ಸಾಮಾನ್ಯವಾಗಿ ಬಿಲ್ಡ್ ನಿಂತುಹೋಗುತ್ತದೆ. '.ವಿಮ್' ಫೋಲ್ಡರಿನೊಳಗೆ 'ಆಫ್ಟರ್/ಎಫ್‌ಟಿಪ್ಲಗಿನ್' ಎಂಬ ಜಾಗದಲ್ಲಿ ಆಯಾ ಭಾಷೆಯ ಹೆಸರಿನ ಕಡತವಿಟ್ಟು, ಅದರಲ್ಲಿ 'ಸೆಟ್' ಬದಲು, ತೆರೆದಿರುವ ಆ ಕಡತಕ್ಕೆ ಮಾತ್ರ ಅನ್ವಯಿಸುವ 'ಸೆಟ್‌ಲೋಕಲ್' ಬಳಸಿರಿ. ವಿಮ್‌ನ ಸ್ವಂತ ನಿಯಮಗಳ ನಂತರ ಇವು ಜಾರಿಯಾಗುವುದರಿಂದ ನಿಮ್ಮ ಮಾತೇ ಕೊನೆಯದಾಗುತ್ತದೆ. ಸೆಟ್ಟಿಂಗಿನ ಮೌಲ್ಯ ಬದಲಾಗಿದ್ದು ಎಲ್ಲಿಂದ ಎಂಬ ಸಂದೇಹ ಬಂದರೆ ':ವರ್ಬೋಸ್ ಸೆಟ್ ಶಿಫ್ಟ್‌ವಿಡ್ತ್?' ಎಂದು ಕೇಳಿರಿ. ಅದನ್ನು ಕೊನೆಯದಾಗಿ ಬದಲಿಸಿದ ಕಡತದ ಹೆಸರನ್ನು ವಿಮ್ ತಿಳಿಸುತ್ತದೆ. ನನ್ನ ಅನುಭವದಲ್ಲಿ ಇದಕ್ಕಿಂತ ಉಪಯುಕ್ತವಾದ ಆಜ್ಞೆ ಇನ್ನೊಂದಿಲ್ಲ.

ಕೀಲಿಗಳನ್ನು ಬದಲಿಸುವಾಗ ಸ್ವಲ್ಪ ಇತಿಹಾಸ ನೆರವಿಗೆ ಬರುತ್ತದೆ. ವಿಮ್‌ನ ಪೂರ್ವಜ ವಿಐ ಅನ್ನು ಬಿಲ್ ಜಾಯ್ 1976ರ ಸುಮಾರಿಗೆ ಬರೆದದ್ದು ಎಡಿಎಂ-3ಎ ಎಂಬ ಟರ್ಮಿನಲ್ ಮೇಲೆ. ಅದರಲ್ಲಿ ಎಸ್ಕೇಪ್ ಕೀಲಿ ಇಂದಿನ ಟ್ಯಾಬ್ ಇರುವ ಜಾಗದಲ್ಲಿ, ಬೆರಳಿಗೆ ಎಟಕುವಂತೆ ಇತ್ತು. ಈಗ ಅದು ಮೂಲೆ ಸೇರಿರುವುದರಿಂದ 'ಐನೋರೀಮ್ಯಾಪ್ ಜೆಕೆ <ಎಸ್ಕ್>' ಎಂದು ಬರೆದುಕೊಂಡು ಜೆ ಮತ್ತು ಕೆ ಕೀಲಿಗಳನ್ನು ಒಂದರ ಹಿಂದೊಂದು ಒತ್ತಿ, ಅಕ್ಷರ ಬರೆಯುವ ಇನ್ಸರ್ಟ್ ಮೋಡಿನಿಂದ ಕೀಲಿಗಳು ಆಜ್ಞೆಗಳಾಗಿ ನಡೆಯುವ ನಾರ್ಮಲ್ ಮೋಡಿಗೆ ಮರಳುವುದು ನ್ಯಾಯವಾದ ಬದಲಾವಣೆ. ಸ್ವಂತ ಆಜ್ಞೆಗಳಿಗೆ ಲೀಡರ್ ಕೀಲಿಯಾಗಿ (ಆಜ್ಞೆಗೆ ಮುನ್ನ ಒತ್ತುವ ಕೀಲಿ) ಸ್ಪೇಸ್‌ಬಾರನ್ನು ಆರಿಸಿಕೊಳ್ಳಬಹುದು, ಆದರೆ ಅದನ್ನು ಘೋಷಿಸುವ 'ಲೆಟ್ ಮ್ಯಾಪ್‌ಲೀಡರ್' ಸಾಲು ಅದನ್ನು ಬಳಸುವ ಮ್ಯಾಪ್‌ಗಳಿಗಿಂತ (ಕೀಲಿಗೆ ಹೊಸ ಅರ್ಥ ಕೊಡುವ ಸಾಲುಗಳಿಗಿಂತ) ಮೇಲಿರಬೇಕು. 'ಎನ್‌ಮ್ಯಾಪ್' ಬದಲು ಸದಾ 'ಎನ್‌ನೋರೀಮ್ಯಾಪ್' ಬಳಸಿರಿ. ಮೊದಲನೆಯದು ಮ್ಯಾಪ್ ಸಾಲಿನ ಬಲಬದಿಯಲ್ಲಿ ಬರೆದ ಕೀಲಿಗಳಿಗೆ ಬೇರೆ ಅರ್ಥ ಕೊಟ್ಟಿದ್ದರೆ ಅದನ್ನೂ ಬಿಡಿಸಿಕೊಳ್ಳುತ್ತಾ ಹೋಗಿ, ಕೆಲವೊಮ್ಮೆ ತನ್ನನ್ನೇ ತಾನು ಕರೆದುಕೊಂಡು ಸುತ್ತುತ್ತದೆ.

'ಸೆಟ್ ಅಂಡೂಫೈಲ್' ಇದ್ದರೆ ಕಡತ ಮುಚ್ಚಿ ಮರುದಿನ ತೆರೆದ ಮೇಲೂ ನಿನ್ನೆಯ ಬದಲಾವಣೆಗಳನ್ನು ಹಿಂತೆಗೆಯಬಹುದು. 'ಅಂಡೂಡಿರ್' ಎಂದು ಸೂಚಿಸಿದ ಫೋಲ್ಡರನ್ನು ವಿಮ್ ತಾನಾಗಿ ಸೃಷ್ಟಿಸುವುದಿಲ್ಲವಾದ್ದರಿಂದ ಅದನ್ನು ನೀವೇ ಮಾಡಿಟ್ಟಿರಬೇಕು. ಪ್ಲಗಿನ್‌ಗಳಿಗೆ (ಹೆಚ್ಚುವರಿ ಸೌಲಭ್ಯ ಕೊಡುವ ಕಿರುತಂತ್ರಾಂಶಗಳಿಗೆ) ಪ್ರತ್ಯೇಕ ನಿರ್ವಾಹಕವೂ ಅನಿವಾರ್ಯವಲ್ಲ: '.ವಿಮ್' ಒಳಗಿನ 'ಪ್ಯಾಕ್' ಫೋಲ್ಡರಿನಲ್ಲಿ ನಿಮ್ಮಿಷ್ಟದ ಹೆಸರಿನ ಫೋಲ್ಡರ್ ಮಾಡಿ, ಅದರ 'ಸ್ಟಾರ್ಟ್' ಎಂಬ ಉಪಫೋಲ್ಡರಿನಲ್ಲಿ ಪ್ಲಗಿನ್ ಇಟ್ಟರೆ ಸಾಕು.

ಕೋಡಿನ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಷ್ಟವಿದೆ. ಕಂಪ್ಯೂಟರಿನ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸ ಚಾಲೂ ಇದ್ದಾಗ, ಕರ್ಸರನ್ನು ಸರಿಸುವ ಎಚ್, ಜೆ, ಕೆ, ಎಲ್ ಕೀಲಿಗಳು ಪ, ರ, ಕ, ತ ಆಗುವುದರಿಂದ ನಾರ್ಮಲ್ ಮೋಡಿನಲ್ಲಿ ಕರ್ಸರ್ ಕದಲುವುದಿಲ್ಲ. ಇದಕ್ಕೆ ವಿಮ್‌ನ ಒಳಗಿನ ಕೀಮ್ಯಾಪೇ (ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿ) ಸರಿಯಾದ ಪರಿಹಾರ. '.ವಿಮ್/ಕೀಮ್ಯಾಪ್' ಫೋಲ್ಡರಿನಲ್ಲಿ 'ಕನ್ನಡ.ವಿಮ್' ಎಂಬ ಕಡತ ರಚಿಸಿ, 'ಸ್ಕ್ರಿಪ್ಟ್‌ಎನ್‌ಕೋಡಿಂಗ್ ಯುಟಿಎಫ್-8' ಎಂಬ ಸಾಲನ್ನೂ 'ಲೋಡ್‌ಕೀಮ್ಯಾಪ್' ಎಂಬ ಸಾಲನ್ನೂ ಬರೆದು, ಅದರ ಕೆಳಗೆ ಸಾಲಿಗೊಂದರಂತೆ ಕೀಲಿ ಮತ್ತು ಕನ್ನಡ ಅಕ್ಷರದ ಜೋಡಿಗಳನ್ನು ಕೊಡಿರಿ. ಮುಖ್ಯ ಕಡತದಲ್ಲಿ 'ಸೆಟ್ ಕೀಮ್ಯಾಪ್=ಕನ್ನಡ', ಅದರ ಕೆಳಗೆ 'ಸೆಟ್ ಐಎಮ್‌ಇನ್ಸರ್ಟ್=0' ಎಂದು ಸೇರಿಸಿದರೆ ಎಡಿಟರ್ ಇಂಗ್ಲಿಷಿನಲ್ಲೇ ತೆರೆದುಕೊಳ್ಳುತ್ತದೆ; ಇನ್ಸರ್ಟ್ ಮೋಡಿನಲ್ಲಿ ಕಂಟ್ರೋಲ್ ಮತ್ತು ^ ಒತ್ತಿದಾಗ ಕನ್ನಡ ಬರುತ್ತದೆ, ನಾರ್ಮಲ್ ಮೋಡಿನ ಆಜ್ಞೆಗಳು ಎಂದಿನಂತೆಯೇ ನಡೆಯುತ್ತವೆ.