ಗಂಡು ಬೆಕ್ಕೋ, ಹೆಣ್ಣು ಬೆಕ್ಕೋ: ನಾನು ಆರಿಸಿದ ಬಗೆ

ಮನೆಗೆ ಇನ್ನೊಂದು ಬೆಕ್ಕು ತರೋಣ ಎಂದು ತೀರ್ಮಾನ ಆದಾಗ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಒಂದೇ. ಗಂಡೋ, ಹೆಣ್ಣೋ? ಕೇಳಿದವರ ಹತ್ತಿರ ಉತ್ತರವೂ ಇತ್ತು. ಗಂಡು ಜಾಸ್ತಿ ಮುದ್ದು, ಮಡಿಲಿನಿಂದ ಇಳಿಯುವುದೇ ಇಲ್ಲ ಎಂದರು ಕೆಲವರು. ಹೆಣ್ಣು ಶಾಂತ, ಶುಚಿ, ಮನೆ ಬಿಟ್ಟು ಎಲ್ಲೂ ಹೋಗುವುದಿಲ್ಲ ಎಂದರು ಇನ್ನು ಕೆಲವರು. ಇದಕ್ಕೆ ಸರಿಯಾಗಿ ಉಲ್ಟಾ ಹೇಳಿದವರೂ ಇದ್ದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಎಲ್ಲರೂ ತಾವು ಸಾಕಿದ ಬೆಕ್ಕನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾತಾಡುತ್ತಿದ್ದರು.

ದಿಕ್ಕಿಲ್ಲದ ಮರಿಗಳನ್ನು ಸ್ವಲ್ಪ ಕಾಲ ಸಾಕಿ, ಒಳ್ಳೆಯ ಮನೆ ಹುಡುಕಿ ಕೊಡುವ ಕೆಲಸ ನಾನು ವರ್ಷಗಳಿಂದ ಮಾಡುತ್ತಿದ್ದೇನೆ. ಗಂಡು ಹೆಣ್ಣು ಎರಡೂ ನನ್ನ ಕೈಯಲ್ಲಿ ಬೆಳೆದಿವೆ. ಅದರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಸಂತಾನಹರಣ ಆಪರೇಷನ್ ಆಗದ ಬೆಕ್ಕು ಹೇಗಿರುತ್ತದೆ ಎಂದು ಗಂಡೋ ಹೆಣ್ಣೋ ಎಂಬುದರಿಂದಲೇ ಮುಕ್ಕಾಲು ಪಾಲು ಹೇಳಿಬಿಡಬಹುದು. ಆಪರೇಷನ್ ಆದ ಬೆಕ್ಕಿನ ವಿಷಯದಲ್ಲಿ ಅದರಿಂದ ಗೊತ್ತಾಗುವುದು ಬಹಳ ಕಡಿಮೆ. ಹಾಗಾಗಿ ನಾನು ಆರಿಸುವಾಗ ಮೊದಲು ನೋಡಿದ್ದು ಮರಿಯ ಸ್ವಭಾವ. ಗಂಡು ಹೆಣ್ಣಿನ ಲೆಕ್ಕ ಬಂದದ್ದು ಆಮೇಲೆ.

ಆಪರೇಷನ್ ಆಗದ ಗಂಡು ಬೆಕ್ಕು ಹರೆಯಕ್ಕೆ ಬಂದ ಮೇಲೆ ಗೋಡೆಗೆ, ಬಾಗಿಲಿಗೆ, ಪರದೆಗೆ ಬೆನ್ನು ಮಾಡಿ ನಿಂತು ಬಾಲ ನಡುಗಿಸುತ್ತಾ ಮೂತ್ರ ಚಿಮ್ಮಿಸುತ್ತದೆ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮರೆಯುವಂಥದ್ದಲ್ಲ. ಹೆಣ್ಣನ್ನು ಹುಡುಕಿಕೊಂಡು ದೂರ ದೂರ ಅಲೆಯುತ್ತದೆ. ಬೇರೆ ಗಂಡುಗಳ ಜೊತೆ ಕಚ್ಚಾಡುತ್ತದೆ. ಕಚ್ಚಿದ ಗಾಯ ಮೇಲೆ ಮುಚ್ಚಿಕೊಂಡು ಒಳಗೆ ಕೀವು ತುಂಬುತ್ತದೆ. ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುವ ಎಫ್‌ಐವಿ ವೈರಸ್ ಹರಡುವುದೂ ಮುಖ್ಯವಾಗಿ ಹೀಗೆ ಕಚ್ಚಿದಾಗಲೇ.

ಹೆಣ್ಣಿನ ಕಥೆ ಬೇರೆ. ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಆ ವಯಸ್ಸಿನಲ್ಲಿ ಅದು ನಮ್ಮ ಕಣ್ಣಿಗೆ ಇನ್ನೂ ಮರಿ, ಅಲ್ವಾ? ಬೆದೆಗೆ ಬಂದಾಗ ರಾತ್ರಿಯೆಲ್ಲ ಕೂಗುತ್ತದೆ, ನೆಲದ ಮೇಲೆ ಹೊರಳಾಡುತ್ತದೆ, ಮುಟ್ಟಿದರೆ ಹಿಂಭಾಗ ಎತ್ತುತ್ತದೆ. ಮೊದಲ ಸಲ ನೋಡಿದವರು ಏನೋ ನೋವಾಗಿದೆ ಎಂದು ಗಾಬರಿಯಾಗುತ್ತಾರೆ. ಸುಮಾರು ಒಂದು ವಾರ ಇದೇ ಪಾಡು. ಗಂಡಿನ ಜೊತೆ ಕೂಡದಿದ್ದರೆ ಎರಡು ಮೂರು ವಾರದಲ್ಲಿ ಮತ್ತೆ ಶುರು. ಬೆಕ್ಕುಗಳಲ್ಲಿ ಅಂಡ ಬಿಡುಗಡೆ ಆಗುವುದು ಸಾಮಾನ್ಯವಾಗಿ ಕೂಡಿದ ಮೇಲೆ. ಅದಕ್ಕೇ ಕೂಡಿದರೆ ಬಸುರಾಗುವ ಸಾಧ್ಯತೆ ತುಂಬಾ ಜಾಸ್ತಿ. ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ಆ ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಬಸುರಾಗಬಲ್ಲದು.

ಗಂಡು ಅಲೆಮಾರಿ, ಹೆಣ್ಣು ಗಲಾಟೆ ಎಂದು ಜನ ಹೇಳುವುದರಲ್ಲಿ ಬಹುಪಾಲು ಈ ಹಾರ್ಮೋನುಗಳದೇ ಕೆಲಸ. ಸರಿಯಾದ ವಯಸ್ಸಿಗೆ ಆಪರೇಷನ್ ಮಾಡಿಸಿದರೆ ಇವು ಹೆಚ್ಚುಕಡಿಮೆ ಕಾಣೆಯಾಗುತ್ತವೆ. ಪೂರ್ತಿ ಅಲ್ಲ. ಆಪರೇಷನ್ ಆದ ಗಂಡುಗಳಲ್ಲಿ ಸುಮಾರು ನೂರಕ್ಕೆ 10, ಹೆಣ್ಣುಗಳಲ್ಲಿ ಸುಮಾರು ನೂರಕ್ಕೆ 5 ದೊಡ್ಡವಾದ ಮೇಲೂ ಮೂತ್ರ ಚಿಮ್ಮಿಸುತ್ತವೆ. ಹೆಣ್ಣು ಬೆಕ್ಕೂ ಚಿಮ್ಮಿಸುತ್ತದೆ ಎಂದರೆ ಎಷ್ಟೋ ಜನ ನಂಬುವುದೇ ಇಲ್ಲ. ಈ ಬೆಕ್ಕುಗಳ ಹಿಂದೆ ಸಾಮಾನ್ಯವಾಗಿ ಏನಾದರೂ ಆತಂಕ ಇರುತ್ತದೆ. ಕಿಟಕಿಯಾಚೆ ಬಂದು ಕೂರುವ ಹೊರಗಿನ ಬೆಕ್ಕು ಇರಬಹುದು, ಮನೆಯೊಳಗಿನ ಜಗಳ ಇರಬಹುದು.

ನನ್ನ ಆಯ್ಕೆಯಲ್ಲಿ ಇನ್ನೊಬ್ಬರ ಮಾತೂ ನಡೆಯಬೇಕಿತ್ತು. ಮನೆಯಲ್ಲಿ ಆಗಲೇ ಒಂದು ಹೆಣ್ಣು ಬೆಕ್ಕಿತ್ತು. ನಡುವಯಸ್ಸು, ಆಪರೇಷನ್ ಆಗಿದೆ, ಗದ್ದಲ ಕಂಡರೆ ಆಗುವುದಿಲ್ಲ. ಎರಡು ಹೆಣ್ಣು ಒಂದೇ ಮನೆಯಲ್ಲಿ ಹೊಂದುವುದಿಲ್ಲ ಎಂದು ತುಂಬಾ ಜನ ಹೆದರಿಸಿದರು. ಆದರೆ ಹೊರಗೆ ಗುಂಪಾಗಿ ಬದುಕುವ ಬೆಕ್ಕುಗಳನ್ನು ನೋಡಿ. ಆ ಗುಂಪಿನ ನಡುಗಂಬವೇ ಹೆಣ್ಣುಗಳು. ತಾಯಿ, ಮಗಳು, ಅಕ್ಕತಂಗಿಯರು ಒಬ್ಬರ ಮರಿಗೆ ಇನ್ನೊಬ್ಬರು ಹಾಲುಣಿಸಿ ಸಾಕುತ್ತಾರೆ. ಅಂದರೆ ತೊಂದರೆ ಇರುವುದು ಹೆಣ್ಣು ಎಂಬುದರಲ್ಲಿ ಅಲ್ಲ, ಗುರುತಿಲ್ಲದವರು ಎಂಬುದರಲ್ಲಿ. ಗುರುತಿಲ್ಲದ ದೊಡ್ಡ ಬೆಕ್ಕನ್ನು ಒಪ್ಪುವುದಕ್ಕಿಂತ ಮರಿಯನ್ನು ಒಪ್ಪುವುದು ಸಲೀಸು ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹಾಗಾಗಿ ಮರಿಯನ್ನೇ ತರುವುದು ಎಂದಾಯಿತು. ಜೊತೆಗೆ ಒಂದು ಷರತ್ತು. ನಮ್ಮ ಹಿರಿಯಳ ಮೇಲೆ ದಿನವಿಡೀ ಹಾರಿ ಬೀಳುವ ಮರಿ ಬೇಡ.

ನನ್ನ ಮುಂದೆ ಒಂದೇ ತಾಯಿಯ ಮೂರು ಮರಿಗಳಿದ್ದವು. ಒಂದು ಕೇಸರಿ ಬಣ್ಣದ್ದು, ಒಂದು ಕಪ್ಪು ಕೇಸರಿ ಬೆರೆತದ್ದು, ಒಂದು ಪೂರ್ತಿ ಕಪ್ಪು. ಬಣ್ಣ ನೋಡಿಯೇ ಅರ್ಧ ಊಹಿಸಬಹುದಿತ್ತು. ಕೇಸರಿ ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಗಂಡಿಗೆ ಒಂದೇ ಎಕ್ಸ್, ಹಾಗಾಗಿ ಒಂದೇ ಪ್ರತಿ ಸಾಕು. ಹೆಣ್ಣು ಪೂರ್ತಿ ಕೇಸರಿ ಆಗಲು ಎರಡು ಪ್ರತಿ ಬೇಕು. ಅದಕ್ಕೇ ಕೇಸರಿ ಬೆಕ್ಕುಗಳಲ್ಲಿ ಹತ್ತಕ್ಕೆ ಸುಮಾರು ಎಂಟು ಗಂಡು. ಕಪ್ಪು ಕೇಸರಿ ಎರಡೂ ಒಂದೇ ಮೈಮೇಲೆ ಬರಬೇಕಾದರೆ ಎರಡು ಎಕ್ಸ್ ಇರಬೇಕು. ಹಾಗಾಗಿ ಅಂಥವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಗಂಡು ಸಿಗುವುದು ಬಹಳ ಅಪರೂಪ, ಅದಕ್ಕೂ ಸಾಮಾನ್ಯವಾಗಿ ಒಂದು ಎಕ್ಸ್ ಹೆಚ್ಚಿಗೆ ಇರುತ್ತದೆ. ಈ ಕೇಸರಿಯ ಹಿಂದಿನ ಜೀನ್ ಯಾವುದು ಎಂದು ವಿಜ್ಞಾನಿಗಳು ಗುರುತಿಸಿ ಪ್ರಕಟಿಸಿದ್ದು 2025ರಲ್ಲಿ. ಇಷ್ಟು ವರ್ಷ ಕಣ್ಣೆದುರಿಗೇ ಇದ್ದ ಬಣ್ಣ ಅದು!

ಕಪ್ಪು ಮರಿಗೆ ಬಣ್ಣದಿಂದ ಏನೂ ಗೊತ್ತಾಗುವುದಿಲ್ಲ. ಸಾಕುತ್ತಿದ್ದವರು ಅದನ್ನು ಹೆಣ್ಣು ಎಂದಿದ್ದರು. ನಾನು ಬಾಲ ಮೆಲ್ಲಗೆ ಎತ್ತಿ ನೋಡಿದೆ. ಗಂಡು ಮರಿಯಲ್ಲಿ ಮಲದ್ವಾರದ ಕೆಳಗೆ ಸ್ವಲ್ಪ ಜಾಗ ಬಿಟ್ಟು ಇನ್ನೊಂದು ದುಂಡು ಚುಕ್ಕೆ ಕಾಣುತ್ತದೆ, ನಮ್ಮ ವಿಸರ್ಗದ ಹಾಗೆ. ನಡುವಿನ ಆ ಜಾಗದಲ್ಲಿ ಬೀಜಗಳು ಬೆಳೆಯುತ್ತವೆ. ಹೆಣ್ಣಿನಲ್ಲಿ ಎರಡೂ ಹತ್ತಿರ ಹತ್ತಿರ, ಕೆಳಗಿನದು ಚುಕ್ಕೆಯಲ್ಲ, ಉದ್ದನೆಯ ಸಣ್ಣ ಗೀರು. ತೀರಾ ಎಳೆಯ ಮರಿಗಳಲ್ಲಿ ಇದು ಕಷ್ಟ. ಒಡಹುಟ್ಟಿದ ಮರಿಗಳನ್ನು ಪಕ್ಕಪಕ್ಕದಲ್ಲಿ ಹಿಡಿದು ನೋಡಿದರೆ ವ್ಯತ್ಯಾಸ ಬೇಗ ಕಾಣುತ್ತದೆ. ಎರಡು ತಿಂಗಳು ದಾಟಿದ ಮೇಲೆ ಬೀಜಗಳು ಕೈಗೆ ಸಿಗುವುದರಿಂದ ಅನುಮಾನ ಉಳಿಯುವುದಿಲ್ಲ. ಕಪ್ಪು ಮರಿ ಗಂಡೇ ಆಗಿತ್ತು. ಮುಂದೆ ಪಶುವೈದ್ಯರೂ ಅದನ್ನೇ ಹೇಳಿದರು. ಹೀಗೆ ತಪ್ಪು ಗುರುತಿಸುವುದು ತುಂಬಾ ಸಾಮಾನ್ಯ. ಹೆಣ್ಣೇ ಬೇಕು ಎಂದು ಹಟ ಹಿಡಿದು ಹೋದವರು ಗಂಡನ್ನು ಮನೆಗೆ ತಂದು, ಅದನ್ನೇ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ್ದನ್ನು ನಾನು ಕಂಡಿದ್ದೇನೆ.

ಇನ್ನು ಸ್ವಭಾವ. ಇದಕ್ಕೆ ಸಮಯ ಕೊಡಿ, ದಯವಿಟ್ಟು. ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸ ಅಲ್ಲ. ಬೆಕ್ಕಿನ ಮರಿ ಮನುಷ್ಯರಿಗೆ ಹೊಂದಿಕೊಳ್ಳುವುದನ್ನು ಕಲಿಯುವುದು ಎರಡರಿಂದ ಏಳು ವಾರದ ಒಳಗೆ. ಆ ದಿನಗಳಲ್ಲಿ ಬೇರೆ ಬೇರೆಯವರು ಮೆಲ್ಲಗೆ ಎತ್ತಿ, ಸವರಿ, ಆಡಿಸಿದ ಮರಿ ಮುಂದೆ ಹೆದರುವುದು ಕಡಿಮೆ. ಹಾಗಾಗಿ ನಾನು ಕೇಳಿದ ಮೊದಲ ಪ್ರಶ್ನೆಗಳು ಇವು: ಮರಿಗಳು ಹುಟ್ಟಿದ್ದು ಎಲ್ಲಿ? ಯಾವಾಗಿನಿಂದ ಜನರ ಕೈಯಲ್ಲಿವೆ? ತಾಯಿ ಜನರ ಹತ್ತಿರ ಬರುತ್ತದಾ? ತಂದೆ ಯಾವುದು ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅದನ್ನೂ ಕೇಳುತ್ತಿದ್ದೆ. ತಂದೆ ಧೈರ್ಯದ, ಸ್ನೇಹದ ಬೆಕ್ಕಾಗಿದ್ದರೆ ಮರಿಗಳೂ ಹೊಸದನ್ನು ಹೆದರದೆ ಹತ್ತಿರ ಹೋಗಿ ನೋಡುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. ತಂದೆ ಆ ಮರಿಗಳ ಮುಖವನ್ನೇ ನೋಡದಿದ್ದರೂ ಅಷ್ಟೆ.

ಆಮೇಲೆ ನೆಲದ ಮೇಲೆ ಸುಮ್ನೆ ಕೂತೆ. ಕರೆಯಲಿಲ್ಲ, ಎತ್ತಲಿಲ್ಲ. ಕೇಸರಿ ಮರಿ ನೇರ ಬಂದು ನನ್ನ ಕಾಲ ಮೇಲೆ ಹತ್ತಿತು, ಭುಜಕ್ಕೆ ಏರಿತು, ಕೂದಲು ಕಚ್ಚಿತು. ಕಪ್ಪು ಕೇಸರಿ ಹೆಣ್ಣು ದೂರದಿಂದಲೇ ನೋಡಿತು. ಬೆರಳು ಚಾಚಿದಾಗ ಮೂಗು ತಾಗಿಸಿ ಹಿಂದೆ ಸರಿಯಿತು. ಕಪ್ಪು ಮರಿ ನಿಧಾನವಾಗಿ ಬಂದು ಬೆರಳು ಮೂಸಿ, ಕೆನ್ನೆ ಉಜ್ಜಿ, ಪಕ್ಕದಲ್ಲೇ ಮೈ ಚೆಲ್ಲಿತು. ಒಂದು ಚಮಚ ನೆಲಕ್ಕೆ ಬೀಳಿಸಿದೆ. ಮೂರೂ ಬೆಚ್ಚಿದವು. ಬೆಚ್ಚುವುದು ಸಹಜ. ನಾನು ನೋಡುತ್ತಿದ್ದದ್ದು ಯಾವುದು ಬೇಗ ಸುಧಾರಿಸಿಕೊಳ್ಳುತ್ತದೆ ಎಂದು. ಕಪ್ಪು ಮರಿ ಒಂದು ಕ್ಷಣ ನಿಂತು, ಆಮೇಲೆ ಚಮಚದ ಹತ್ತಿರ ಹೋಗಿ ಅದನ್ನೇ ಮೂಸಿತು.

ನನ್ನ ತೀರ್ಮಾನ ಗಟ್ಟಿ ಮಾಡಿದ್ದು ಇನ್ನೊಂದು ಸಣ್ಣ ಸಂಗತಿ. ಮರಿಗಳು ಕುಸ್ತಿಗೆ ಬಿದ್ದಿದ್ದವು. ಕಪ್ಪು ಮರಿ ತಂಗಿಯ ಕುತ್ತಿಗೆ ಕಚ್ಚಿತು, ಅದು ಕೀರಲು ದನಿಯಲ್ಲಿ ಕೂಗಿತು. ತಕ್ಷಣ ಹಿಡಿತ ಬಿಟ್ಟು ಹಿಂದೆ ಸರಿದು ಕೂತಿತು. ಕೇಸರಿ ಮರಿ ಮಾತ್ರ ಕೂಗಿದರೂ ಬಿಡುತ್ತಿರಲಿಲ್ಲ. ಎದುರಿನವರು ಸಾಕು ಎಂದಾಗ ನಿಲ್ಲಿಸುವ ಮರಿ ನಮ್ಮ ಹಿರಿಯ ಬೆಕ್ಕಿಗೆ ಬೇಕಾಗಿತ್ತು. ಮರಿಗಳು ಇದನ್ನು ಕಲಿಯುವುದು ತಾಯಿ ಮತ್ತು ಒಡಹುಟ್ಟಿದವರ ಜೊತೆಯಲ್ಲೇ. ಎಂಟು ವಾರ ತುಂಬುವ ಮೊದಲು ಮರಿಯನ್ನು ಬೇರೆ ಮಾಡಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಹನ್ನೆರಡು ವಾರ ಆದರೆ ಇನ್ನೂ ಒಳ್ಳೆಯದು.

ಹೀಗೆ ಕಪ್ಪು ಗಂಡು ಮನೆಗೆ ಬಂತು. ಪ್ರತ್ಯೇಕ ಕೋಣೆಯಲ್ಲಿ ಇಟ್ಟೆವು. ಮೊದಲು ಇಬ್ಬರ ಹಾಸುಬಟ್ಟೆ ಅದಲು ಬದಲು. ಆಮೇಲೆ ಮುಚ್ಚಿದ ಬಾಗಿಲಿನ ಎರಡು ಬದಿಯಲ್ಲಿ ಊಟ. ಆಮೇಲೆ ಬಾಗಿಲ ಸಂದಿಯಿಂದ ಮುಖ ನೋಡುವುದು. ಹಿರಿಯಳು ಬುಸುಗುಟ್ಟಿದಳು. ಬುಸುಗುಟ್ಟಿದಾಗ ಮರಿ ನಿಂತಿತು. ಅಷ್ಟೇ ಬೇಕಾಗಿತ್ತು.

ಗಂಡು ಹೆಣ್ಣಿನ ವ್ಯತ್ಯಾಸ ಬದುಕಿಡೀ ಉಳಿಯುವುದು ಆರೋಗ್ಯದಲ್ಲಿ. ಇದನ್ನು ಆರಿಸುವಾಗ ಯಾರೂ ಹೇಳುವುದಿಲ್ಲ. ಗಂಡಿನ ಮೂತ್ರನಾಳ ಉದ್ದ, ತುದಿಯಲ್ಲಿ ತೀರಾ ಕಿರಿದು. ಹರಳಿನ ಪುಡಿ ಅಥವಾ ಲೋಳೆ ಸೇರಿ ಅಲ್ಲಿ ಕಟ್ಟಿಕೊಳ್ಳಬಹುದು. ಹೆಣ್ಣಿಗೂ ಮೂತ್ರಕೋಶದ ಉರಿ ಬರುತ್ತದೆ. ಆದರೆ ನಾಳ ಅಗಲವಾಗಿರುವುದರಿಂದ ಪೂರ್ತಿ ಕಟ್ಟುವುದು ಅಪರೂಪ. ಗಂಡು ಬೆಕ್ಕು ಲಿಟರ್ ಬಾಕ್ಸಿಗೆ, ಅಂದರೆ ಮಲಮೂತ್ರ ಮಾಡಲು ಇಟ್ಟ ಮರಳಿನ ತಟ್ಟೆಗೆ, ಮತ್ತೆ ಮತ್ತೆ ಹೋಗಿ ತಿಣುಕುತ್ತಿದ್ದರೆ, ಹನಿ ಹನಿ ಬರುತ್ತಿದ್ದರೆ ಅಥವಾ ಬರದೇ ಇದ್ದರೆ, ಕೂಗುತ್ತಿದ್ದರೆ, ಆ ಜಾಗವನ್ನೇ ನೆಕ್ಕುತ್ತಿದ್ದರೆ ಕೂಡಲೇ ಪಶುವೈದ್ಯರ ಹತ್ತಿರ ಓಡಬೇಕು. ಮಲಬದ್ಧತೆ ಇರಬೇಕು ಎಂದು ಎಷ್ಟೋ ಜನ ಕಾಯುತ್ತಾರೆ. ಮೂತ್ರ ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಮ್ ಏರಿ ಹೃದಯಕ್ಕೆ ಕುತ್ತು ಬರುತ್ತದೆ. ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. ಬೆಳಗಾಗಲಿ ನೋಡೋಣ ಎನ್ನುವ ಕಾಯಿಲೆ ಇದಲ್ಲ.

ಅದಕ್ಕೇ ನಮ್ಮಲ್ಲಿ ನೀರಿನ ಬಟ್ಟಲು ಮನೆಯ ಬೇರೆ ಬೇರೆ ಕಡೆ ಇವೆ. ಕಾಳಿನಂತಿರುವ ಒಣ ಬೆಕ್ಕಿನ ಆಹಾರದ ಜೊತೆ ತೇವದ ಆಹಾರವೂ ಇದೆ. ಎರಡು ಬೆಕ್ಕಿಗೆ ಮೂರು ಲಿಟರ್ ಬಾಕ್ಸ್. ಮೂತ್ರ ಬಿದ್ದಲ್ಲಿ ಮರಳು ಅಂಟಿಕೊಂಡು ಆಗುವ ಉಂಡೆಗಳನ್ನು ನಾನು ದಿನವೂ ಗಮನಿಸುತ್ತೇನೆ. ತೂಕವನ್ನೂ ನೋಡುತ್ತೇನೆ. ಆಪರೇಷನ್ ಆದ ಮೇಲೆ ಹಸಿವು ಏರುತ್ತದೆ, ಬೇಕಾಗುವ ಆಹಾರ ಇಳಿಯುತ್ತದೆ, ಗಂಡುಗಳು ಬೇಗ ಬೊಜ್ಜು ಬರಿಸಿಕೊಳ್ಳುತ್ತವೆ. ಬೇಗ ಆಪರೇಷನ್ ಮಾಡಿಸಿದರೆ ಗಂಡಿನ ಮೂತ್ರನಾಳ ಸಣ್ಣದಾಗಿಯೇ ಉಳಿದು ಕಟ್ಟಿಕೊಳ್ಳುತ್ತದೆ ಎಂಬ ಮಾತೂ ಇದೆ. ಅಳತೆ ಮಾಡಿ ನೋಡಿದಾಗ ಅಂಥ ವ್ಯತ್ಯಾಸ ಕಂಡಿಲ್ಲ.

ಹೆಣ್ಣನ್ನು ಆರಿಸಿದರೆ ಗಮನ ಬೇರೆ ಕಡೆ ಇರಬೇಕು. ಆಪರೇಷನ್ ಆಗದೆ ಉಳಿದರೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಇದೆ. ಬೆಕ್ಕಿನ ಸ್ತನದ ಗಡ್ಡೆಗಳು ಬಹುಪಾಲು ಕ್ಯಾನ್ಸರಿನವೇ. ಆರು ತಿಂಗಳ ಒಳಗೆ ಆಪರೇಷನ್ ಮಾಡಿಸಿದರೆ ಆ ಕ್ಯಾನ್ಸರಿನ ಅಪಾಯ ನೂರಕ್ಕೆ 91ರಷ್ಟು, ಒಂದು ವರ್ಷದ ಒಳಗಾದರೆ ನೂರಕ್ಕೆ 86ರಷ್ಟು ತಗ್ಗುತ್ತದೆ ಎಂದು ಒಂದು ಅಧ್ಯಯನ ತೋರಿಸಿದೆ. ಎರಡು ವರ್ಷ ದಾಟಿದ ಮೇಲೆ ಮಾಡಿಸಿದರೆ ಆ ಲಾಭ ಉಳಿಯುವುದಿಲ್ಲ. ಹೆಣ್ಣಿಗೆ ಹೊಟ್ಟೆ ಕೊಯ್ದು ಮಾಡುವುದರಿಂದ ಸುಧಾರಿಸಿಕೊಳ್ಳಲು ಗಂಡಿಗಿಂತ ಜಾಸ್ತಿ ದಿನ ಬೇಕು. ನಮ್ಮ ಹಿರಿಯಳಿಗೆ ಹೊಲಿಗೆ ನೆಕ್ಕದಂತೆ ಕುತ್ತಿಗೆಪಟ್ಟಿ ಹಾಕಿ ಕಾಯಬೇಕಾಯಿತು. ಕಪ್ಪು ಹುಡುಗ ಆಪರೇಷನ್ ಆದ ಸಂಜೆಯೇ ಊಟ ಕೇಳಿದ.

ಈಗ ಮನೆಯಲ್ಲಿ ಮಡಿಲು ಬಿಡದ ಬೆಕ್ಕು ಯಾವುದು ಎಂದರೆ ಅವನೇ. ಗಂಡು ಮುದ್ದು ಎಂದವರು ಇವನನ್ನು ನೋಡಿ ತಲೆಯಾಡಿಸುತ್ತಾರೆ. ಆದರೆ ಅವನಿಗಿಂತ ಮುದ್ದಾದ ಹೆಣ್ಣುಗಳನ್ನು ನಾನು ಬೇರೆ ಮನೆಗಳಿಗೆ ಕೊಟ್ಟಿದ್ದೇನೆ. ಹಾಂ, ಒಂದು ವ್ಯತ್ಯಾಸ ಮಾತ್ರ ಅಳೆದು ನೋಡಿದ್ದಾರೆ. ಗಂಡುಗಳು ಎಡಗಾಲನ್ನು, ಹೆಣ್ಣುಗಳು ಬಲಗಾಲನ್ನು ಮುಂದೆ ಮಾಡುವುದು ಜಾಸ್ತಿ ಎಂದು 2018ರಲ್ಲಿ ಬೆಲ್‌ಫಾಸ್ಟಿನ ಸಂಶೋಧಕರು ಪ್ರಕಟಿಸಿದರು. ನಮ್ಮವನೂ ಸೋಫಾ ಕೆಳಗೆ ಹೋದ ಚೆಂಡನ್ನು ಎಡಗಾಲಲ್ಲೇ ಎಳೆಯುತ್ತಾನೆ. ನೋಡಲು ತುಂಬಾ ಖುಷಿ.

ಇನ್ನೂ ಬೆಕ್ಕೇ ಇಲ್ಲದ ಮನೆಯವರು ಕೇಳಿದರೆ ನಾನು ಹೇಳುವುದು, ಸಾಧ್ಯವಿದ್ದರೆ ಒಂದೇ ತಾಯಿಯ ಎರಡು ಮರಿ ತನ್ನಿ. ಹುಟ್ಟಿನಿಂದ ಜೊತೆಗಿದ್ದವು ಪರಿಚಯ ಮಾಡಿಸುವ ಕಷ್ಟ ಕೊಡುವುದಿಲ್ಲ, ಒಂದಕ್ಕೊಂದು ಆಟಕ್ಕೆ ಆಗುತ್ತವೆ. ಎರಡೂ ಗಂಡು, ಎರಡೂ ಹೆಣ್ಣು, ಒಂದೊಂದು, ಯಾವುದಾದರೂ ಸರಿ. ಒಂದು ಗಂಡು ಒಂದು ಹೆಣ್ಣು ತಂದರೆ ಮಾತ್ರ ಮರಿಗಳಿಗೆ ನಾಲ್ಕು ತಿಂಗಳು ಆಗುವ ಹೊತ್ತಿಗೇ ಪಶುವೈದ್ಯರ ಹತ್ತಿರ ಆಪರೇಷನ್ ದಿನ ಗೊತ್ತು ಮಾಡಿಕೊಳ್ಳಿ. ಅಣ್ಣ ತಂಗಿ ಎಂಬ ಲೆಕ್ಕ ಬೆಕ್ಕುಗಳಿಗಿಲ್ಲ. ಗಂಡಿಗೆ ತಡವಾಗಿ ಮಾಡಿಸಿದರೆ ಆಪರೇಷನ್ ಆದ ಮೇಲೂ ಕೆಲವು ವಾರ ಅದರಿಂದ ಮರಿ ಆಗಬಹುದು. ಅಷ್ಟು ದಿನ, ಹೆಣ್ಣಿಗೆ ಇನ್ನೂ ಆಪರೇಷನ್ ಆಗಿರದಿದ್ದರೆ, ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡಿ.