ಗಾಜಿಗೆ ಚುಚ್ಚಿದ ನೊಣ ಸಾಯುವುದಿಲ್ಲ: ಜೇನುವಿಷ ತೆಗೆದ ನನ್ನ ಅನುಭವ

ವಿಷ ತೆಗೆಯಲು ಹೋದರೆ ಪೆಟ್ಟಿಗೆಯ ಅರ್ಧ ಹುಳು ಸಾಯುತ್ತದೆ ಎಂದು ತಿಪಟೂರು ಕಡೆಯ ನನ್ನ ಜೇನು ಸಾಕುವ ಗೆಳೆಯರು ಎರಡು ವರ್ಷ ಹೇಳುತ್ತಲೇ ಬಂದರು. ಕೈಗೆ ಕೊಂಡಿ ಬಿಟ್ಟ ನೊಣದ ಗತಿಯನ್ನು ನಾವೆಲ್ಲರೂ ನೋಡಿರುವುದರಿಂದ ಅವರ ಭಯ ಸಹಜವೇ ಆಗಿತ್ತು. ಕಳೆದ ವರ್ಷ ತೆಂಗಿನ ತೋಟದಲ್ಲಿರುವ ನನ್ನ 12 ಮೆಲ್ಲಿಫೆರಾ (ಯುರೋಪಿನ ಜೇನು ತಳಿ) ಪೆಟ್ಟಿಗೆಗಳಿಂದ ಹೆಚ್ಚುಕಡಿಮೆ 2 ಗ್ರಾಂ ಒಣ ವಿಷ ತೆಗೆದೆ, ಒಂದು ಪೆಟ್ಟಿಗೆಯೂ ಖಾಲಿಯಾಗಲಿಲ್ಲ. ಒಂದು ನೊಣದಿಂದ ಹೆಚ್ಚೆಂದರೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗದಷ್ಟು ಒಣ ವಿಷ ಸಿಗುತ್ತದೆ ಎಂಬ ಲೆಕ್ಕ ಹಿಡಿದರೆ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಕೊಂಡಿ ಗಾಜಿಗೆ ತಾಗಿದೆ ಎಂದಾಯಿತು.

ವಿಷ ತೆಗೆಯುವ ಸಾಧನ ಸರಳ: ಮರದ ಚೌಕಟ್ಟು, ಅದರ ಉದ್ದಕ್ಕೂ ಎಳೆದ ಸ್ಟೀಲ್ ತಂತಿಗಳು, ಅಡಿಯಲ್ಲಿ ಒಂದು ಗಾಜು, ತಂತಿಗೆ ಸಣ್ಣ ಶಾಕ್ ಕೊಡಲು ಪಕ್ಕದಲ್ಲಿ ಬ್ಯಾಟರಿ. ನಾನು ಎಡವಿದ್ದು ಗಾಜಿನ ಮೇಲೆಯೇ. ವಿಷಕ್ಕೆ ಧೂಳು ತಾಗದಿರಲಿ ಎಂಬ ಅತಿಬುದ್ಧಿಯಿಂದ, ಸೈಕಲ್ ಟ್ಯೂಬನ್ನು ಸೀಳಿ ಗಾಜಿನ ಮೇಲೆ ಬಿಗಿಯಾಗಿ ಹಾಸಿದೆ. ಇಪ್ಪತ್ತು ನಿಮಿಷದ ನಂತರ ತೆಗೆದು ನೋಡಿದರೆ ರಬ್ಬರಿನ ತುಂಬ ಕೊಂಡಿಗಳು ನಾಟಿಕೊಂಡಿದ್ದವು. ಎಣಿಸುತ್ತ ಹೋಗಿ ನೂರೈವತ್ತರ ಹತ್ತಿರ ಬೇಸರವಾಗಿ ಬಿಟ್ಟೆ. ಮಸೂರ ಹಿಡಿದು ನೋಡಿದಾಗ ಒಂದೊಂದು ಕೊಂಡಿಯ ಬುಡದಲ್ಲೂ ಬಿಳಿಯ ವಿಷದ ಚೀಲವಿತ್ತು, ಕೆಲವು ಕೊಂಡಿಗಳ ಸ್ನಾಯು ಇನ್ನೂ ಮಿಡಿಯುತ್ತ ವಿಷವನ್ನು ಒಳಕ್ಕೆ ನೂಕುತ್ತಲೇ ಇತ್ತು. ಕೊಂಡಿಯ ಎರಡು ಗರಗಸಗಳು ಸರದಿಯಂತೆ ಜಾರಿ ಮುಂದೆ ಹೋಗುವಾಗ ಅವುಗಳ ಹಿಂಬಾಗಿದ ಹಲ್ಲುಗಳು ರಬ್ಬರನ್ನು ನಮ್ಮ ಚರ್ಮವನ್ನು ಹಿಡಿಯುವಂತೆಯೇ ಹಿಡಿದಿದ್ದವು. ನೊಣ ಹಿಂದಕ್ಕೆ ಎಳೆದುಕೊಂಡಾಗ ಕೊಂಡಿ, ಚೀಲ, ಅದನ್ನು ಆಡಿಸುವ ನರದ ಗಂಟು, ಕರುಳಿನ ತುದಿ, ಎಲ್ಲವೂ ಕಿತ್ತು ಬಂದಿವೆ. ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಮುಂದೆ ಹಾಸಿದ್ದ ಬಿಳಿ ಪಂಚೆಯ ಮೇಲೆ ಬಿದ್ದಿದ್ದ ಹೆಣಗಳನ್ನು ಗೆಳೆಯರಿಗೆ ತೋರಿಸುವ ಧೈರ್ಯ ನನಗಾಗಲಿಲ್ಲ.

ರಬ್ಬರನ್ನು ಕಿತ್ತೆಸೆದು ಬರೀ ಗಾಜನ್ನು ಇಟ್ಟ ದಿನ ಚೌಕಟ್ಟಿನ ಪಕ್ಕದಲ್ಲೇ ಕುಳಿತು ನೋಡಿದೆ. ತಂತಿಯ ಮೇಲೆ ಕಾಲಿಟ್ಟ ನೊಣ ಬೆಚ್ಚಿಬಿದ್ದು ಹೊಟ್ಟೆಯನ್ನು ಬಾಗಿಸುತ್ತದೆ, ಕೊಂಡಿಯ ತುದಿ ಗಾಜಿನ ಮೇಲೆ ಜಾರುತ್ತದೆ, ಎಳ್ಳಿಗಿಂತ ಚಿಕ್ಕದಾದ ಹನಿಯೊಂದು ಅಲ್ಲಿ ಉಳಿಯುತ್ತದೆ. ಹಲ್ಲುಗಳಿಗೆ ಹಿಡಿಯಲು ಏನೂ ಇಲ್ಲದ್ದರಿಂದ ನೊಣ ಕೊಂಡಿಯನ್ನು ಒಳಗೆಳೆದುಕೊಂಡು, ಮೈ ಸವರಿಕೊಂಡು, ಬಾಗಿಲೊಳಗೆ ನಡೆದುಹೋಗುತ್ತದೆ. ಮರುದಿನ ಪಂಚೆಯ ಮೇಲೆ ಹದಿನೈದೋ ಇಪ್ಪತ್ತೋ ಹೆಣಗಳಿದ್ದವು. ಮಾಮೂಲಿ ದಿನಗಳಲ್ಲೂ ಹತ್ತಕ್ಕೆ ಕಡಿಮೆ ಇರುವುದಿಲ್ಲ.

ಕರೆಂಟಿನ ವಿಷಯದಲ್ಲಿ ಕೈ ಸುಟ್ಟುಕೊಂಡದ್ದು ಬೇರೆ ಕಥೆ. ಬೈಕಿನ 12 ವೋಲ್ಟ್ ಬ್ಯಾಟರಿಯನ್ನು ನೇರವಾಗಿ ಜೋಡಿಸಿದಾಗ ನೊಣಗಳು ಕ್ಯಾರೇ ಅನ್ನಲಿಲ್ಲ. ರೇಡಿಯೋ ರಿಪೇರಿ ಮಾಡುವವರೊಬ್ಬರಿಂದ ಸರ್ಕ್ಯೂಟ್ ಮಾಡಿಸಿ ನಲವತ್ತರ ಮೇಲಕ್ಕೆ ಏರಿಸಿದಾಗ ತಂತಿಯ ಮೇಲೆಯೇ ಸತ್ತು ಅಂಟಿಕೊಂಡವು. ಈಗ ಇವೆರಡರ ನಡುವೆ ಒಂದು ಮಟ್ಟದಲ್ಲಿ ಬಿಟ್ಟು ಬಿಟ್ಟು ಹರಿಸುತ್ತೇನೆ. ಎಷ್ಟು ಸೆಕೆಂಡು ಹರಿಸಿ ಎಷ್ಟು ಸೆಕೆಂಡು ನಿಲ್ಲಿಸಬೇಕೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕಾಗಿ ನಾನು ಎರಡು ಜೇನು ಕುಟುಂಬಗಳನ್ನು ದುರ್ಬಲ ಮಾಡಿಕೊಂಡಿದ್ದೇನೆ.

ಇನ್ನೊಂದು ಪೆಟ್ಟು ವಾಸನೆಯಿಂದ ಬಿತ್ತು. ಕೊಂಡಿ ಹೊರಬಂದಾಗ ಮಾಗಿದ ಬಾಳೆಹಣ್ಣಿನಂಥ ವಾಸನೆ ಏಳುತ್ತದೆ, ಮಿಕ್ಕ ನೊಣಗಳಿಗೆ ಅದೇ ಯುದ್ಧದ ಕರೆ. ಇದು ಗೊತ್ತಿದ್ದೂ ಬೆಳಿಗ್ಗೆ ಹತ್ತು ಗಂಟೆಗೆ ಹನ್ನೆರಡೂ ಪೆಟ್ಟಿಗೆಗಳಿಗೆ ಒಟ್ಟಿಗೆ ಚೌಕಟ್ಟು ಇಟ್ಟೆ. ಪಕ್ಕದ ತೋಟದಲ್ಲಿ ಕಟ್ಟಿದ್ದ ಎಮ್ಮೆಯ ಮೇಲೆ ನೊಣಗಳು ಎರಗಿದವು. ಎಮ್ಮೆ ಉಳಿಯಿತು, ಔಷಧಿಯ ಖರ್ಚು ಸುಮಾರು 1,800 ರೂಪಾಯಿ ನಾನೇ ಕೊಟ್ಟೆ, ಮೂರು ದಿನ ನಮ್ಮ ತೋಟಕ್ಕೆ ಕಾಯಿ ಕೀಳುವವರೂ ಬರಲಿಲ್ಲ. ಆಮೇಲೆ ಒಂದು ಸಲಕ್ಕೆ ನಾಲ್ಕೇ ಪೆಟ್ಟಿಗೆ, ಅದೂ ಹೊತ್ತು ಮುಳುಗುವ ಮುಂಚೆ. ಕತ್ತಲಾಗುತ್ತಿದ್ದಂತೆ ಅವು ಒಳಸೇರುತ್ತವೆ, ಬೆಳಗಿನ ಹೊತ್ತಿಗೆ ವಾಸನೆಯೂ ಆರಿರುತ್ತದೆ.

ಕುತೂಹಲಕ್ಕೆ ಕೆಲವು ಪರೀಕ್ಷೆಗಳನ್ನೂ ಮಾಡಿದೆ. ಮುಂಗೈಗೆ ಚುಚ್ಚಿಸಿಕೊಂಡು, ಕೊಂಡಿ ಕಳೆದುಕೊಂಡ ಆರು ನೊಣಗಳನ್ನು ರಾಣಿ ನೊಣವನ್ನು ಇಡುವ ಪುಟ್ಟ ಪಂಜರದಲ್ಲಿ ಸಕ್ಕರೆ ಪಾಕದೊಂದಿಗೆ ಇಟ್ಟೆ. ಕುಟುಕಿದ ಕೂಡಲೇ ಸಾಯುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ: ನಾಲ್ಕು ಮರುದಿನ ಬೆಳಗಾಗುವುದರೊಳಗೆ ಸತ್ತವು, ಒಂದು ಮರುದಿನ ಸಂಜೆಯವರೆಗೆ ಎಳೆಯಿತು, ಕೊನೆಯದು ಮೂರನೆಯ ದಿನವೂ ಪಾಕ ಹೀರುತ್ತಿತ್ತು. ಎರಡು ತುಡುವೆ (ನಮ್ಮ ನಾಡಿನ ಜೇನು) ಪೆಟ್ಟಿಗೆಗಳಿಗೂ ಚೌಕಟ್ಟು ಇಟ್ಟು ನೋಡಿದೆ. ವಿಷ ಸಿಕ್ಕಿದ್ದು ಅತ್ಯಲ್ಪ, ವಾರದೊಳಗೆ ಎರಡೂ ಕುಟುಂಬಗಳು ಗೂಡು ಬಿಟ್ಟು ಹೋದವು. ತುಡುವೆ ಸಾಕುವವರು ಇದಕ್ಕೆ ಕೈ ಹಾಕುವುದು ಬೇಡ.

ಗಾಜಿನ ಮೇಲೆ ಹನಿಗಳು ಒಣಗಿ ಬೆಳ್ಳಗಾದ ಮೇಲೆ ಬ್ಲೇಡಿನಿಂದ ಹೆರೆಯಬೇಕು. ಮೊದಲ ಸಲ ಟವೆಲ್ ಸುತ್ತಿಕೊಂಡು ಹೆರೆದು, ಆ ಪುಡಿ ಮೂಗಿಗೆ ಸೇರಿ, ಎರಡು ದಿನ ಕೆಮ್ಮಿದೆ, ಕಣ್ಣು ಊದಿಕೊಂಡಿತು. ಈಗ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಆರಿಸಿ, ಒಳ್ಳೆಯ ಮಾಸ್ಕ್ ಮತ್ತು ಕನ್ನಡಕ ಹಾಕಿಕೊಂಡೇ ಕೂರುತ್ತೇನೆ. ಜೇನು ಕಡಿದರೆ ಮೈಯೆಲ್ಲ ದದ್ದು ಏಳುವವರು, ಉಸಿರು ಕಟ್ಟುವವರು ಈ ಪುಡಿಯ ಹತ್ತಿರವೂ ಸುಳಿಯಬಾರದು.

ಕೆಟ್ಟುಹೋದ ಚೌಕಟ್ಟುಗಳೂ ಸೇರಿ ಒಟ್ಟು ಏಳು ಸಾವಿರದಷ್ಟು ಖರ್ಚಾಗಿತ್ತು. ಮೊದಲ ಖರೀದಿದಾರರು ಫೋನಿನಲ್ಲಿ ಗ್ರಾಮಿಗೆ 6,000 ಎಂದವರು, ಮಾಲು ಕೈಗೆ ಸಿಕ್ಕ ಮೇಲೆ ಪರಾಗದ ಪುಡಿ ಬೆರೆತಿದೆ ಎಂದು ಅರ್ಧಗ್ರಾಮಿಗೆ 1,200 ಕೊಟ್ಟು ಕೈತೊಳೆದುಕೊಂಡರು. ಪುಡಿ ಬೆರೆತದ್ದು ನಿಜವೇ, ಚೌಕಟ್ಟನ್ನು ಬಾಗಿಲ ಮುಂದೆ ಇಟ್ಟಿದ್ದರಿಂದ ಪರಾಗ ಹೊತ್ತು ಬಂದವೂ ಅದರ ಮೇಲೆಯೇ ನಡೆದಿದ್ದವು. ಪೆಟ್ಟಿಗೆಯ ಮುಚ್ಚಳದ ಕೆಳಗೆ ಇಡಲು ಶುರುಮಾಡಿದ ಮೇಲೆ ಬಿಳಿ ಪುಡಿಯೇ ಬಂತು, ಉಳಿದ ಒಂದೂವರೆ ಗ್ರಾಮನ್ನು ಬೇರೊಬ್ಬರು ಚೌಕಾಸಿ ಮಾಡದೆ 8,000ಕ್ಕೆ ಒಯ್ದರು. ಅರ್ಧ ಹುಳು ಸಾಯುತ್ತದೆ ಎಂದಿದ್ದ ಗೆಳೆಯರಲ್ಲಿ ಒಬ್ಬರು ಕಳೆದ ತಿಂಗಳು ಬಂದು ಚೌಕಟ್ಟಿನ ಅಳತೆ ಬರೆದುಕೊಂಡು ಹೋಗಿದ್ದಾರೆ.