ಪ್ರಾಸ್ಟೇಟ್ ದೊಡ್ಡದಾಗಿದೆಯಾ? ಮಾತ್ರೆಗೂ ಆಪರೇಷನ್‌ಗೂ ಮೊದಲು ಮೂರು ದಿನ ಲೆಕ್ಕ ಬರೆಯಿರಿ

ದಾವಣಗೆರೆಯಲ್ಲಿ ಔಷಧ ಅಂಗಡಿ ಇಟ್ಟು ನನಗೆ ಇಪ್ಪತ್ತಾರು ವರ್ಷ ಆಯ್ತು. ಅರವತ್ತು ದಾಟಿದ ಗಂಡಸರು ಕೆಲವರು ಬರುತ್ತಾರೆ, ಬೇರೆ ಗಿರಾಕಿಗಳೆಲ್ಲ ಹೋಗುವ ತನಕ ಪಕ್ಕಕ್ಕೆ ನಿಲ್ಲುತ್ತಾರೆ. ಆಮೇಲೆ ಜೇಬಿನಿಂದ ಮಡಚಿದ ಸ್ಕ್ಯಾನಿಂಗ್ ರಿಪೋರ್ಟ್ ತೆಗೆದು ಮೆಲ್ಲಗೆ ಕೇಳುತ್ತಾರೆ: "ಗ್ರೇಡ್ ಎರಡು ಅಂತ ಬಂದೈತಿ. ಆಪರೇಷನ್ ಮಾಡಿಸ್ಲೇಬೇಕೇನ್ರಿ?"

ಗ್ರೇಡ್ ಅಂದರೆ ಗ್ರಂಥಿ ಎಷ್ಟು ದೊಡ್ಡದಾಗಿದೆ ಅನ್ನುವ ಅಳತೆ ಅಷ್ಟೇ, ಅದನ್ನು ನೋಡಿ ಆಪರೇಷನ್ ತೀರ್ಮಾನ ಆಗುವುದಿಲ್ಲ. ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಬಾಯಿಯ ಕೆಳಗೆ, ಮೂತ್ರನಾಳದ ಸುತ್ತ ಇರುತ್ತದೆ. ಸಾಮಾನ್ಯ ತೂಕ ಸುಮಾರು 20 ಗ್ರಾಂ. ವಯಸ್ಸಾದಂತೆ ಬೆಳೆಯುತ್ತದೆ, ಅದು ಕ್ಯಾನ್ಸರ್ ಅಲ್ಲ. 80 ಗ್ರಾಂ ಇದ್ದವರು ಆರಾಮಾಗಿ ಓಡಾಡುತ್ತಾರೆ, 35 ಗ್ರಾಂ ಇದ್ದವರು ರಾತ್ರಿಯಿಡೀ ಎದ್ದು ಕೂರುತ್ತಾರೆ. ಹಾಗಾಗಿ ನೋಡಬೇಕಾದ್ದು ನಿಮಗೆ ಎಷ್ಟು ತೊಂದರೆ, ಯಾವ ತರಹದ ತೊಂದರೆ ಅನ್ನುವುದನ್ನು.

ಮೊದಲ ಹೆಜ್ಜೆ: ಅಂಕ ಹಾಕಿಕೊಳ್ಳಿ

ಏಳು ಪ್ರಶ್ನೆಗಳ ಒಂದು ಹಾಳೆ ಇದೆ, ಮೂತ್ರರೋಗ ತಜ್ಞರ ಹತ್ತಿರ ಕೇಳಿದರೆ ಕೊಡುತ್ತಾರೆ. ಕಳೆದ ಒಂದು ತಿಂಗಳಲ್ಲಿ ಧಾರೆ ಸಣ್ಣ ಆಗಿದೆಯಾ, ನಿಂತು ನಿಂತು ಬರುತ್ತಾ, ತಿಣುಕಬೇಕಾ, ಹೋಗಿ ಬಂದ ಮೇಲೂ ಉಳಿದ ಹಾಗೆ ಅನಿಸುತ್ತಾ, ಇಂಥವು. ಒಂದೊಂದಕ್ಕೆ 0ರಿಂದ 5. ಒಟ್ಟು 7ರ ಒಳಗಿದ್ದರೆ ಕಡಿಮೆ ತೊಂದರೆ, 8ರಿಂದ 19 ಮಧ್ಯಮ, 20 ಮತ್ತು ಅದರ ಮೇಲೆ ಜಾಸ್ತಿ. ಹಾಳೆಯನ್ನು ನೀವೇ ತುಂಬಿ. ಮಗ ತುಂಬಿದರೆ ಅದು ಮಗನ ಅಂದಾಜು.

ಎರಡನೇ ಹೆಜ್ಜೆ: ಮೂರು ದಿನದ ಲೆಕ್ಕ

ಎಲ್ಲರೂ ಎಡವುವುದು ಇಲ್ಲಿಯೇ. ಆದ್ದರಿಂದ ನಿಧಾನವಾಗಿ ಓದಿ.

ಒಂದು ಶಾಲೆ ನೋಟ್‌ಬುಕ್ ಮತ್ತು ಗೆರೆ ಹಾಕಿದ ಅರ್ಧ ಲೀಟರಿನ ಪ್ಲಾಸ್ಟಿಕ್ ಜಗ್ ಬೇಕು. ಜಗ್ ಬಚ್ಚಲಲ್ಲೇ ಇರಲಿ, ನೋಟ್‌ಬುಕ್ಕಿಗೆ ದಾರ ಕಟ್ಟಿ ಪೆನ್ನು ಸಮೇತ ಬಾಗಿಲಿಗೆ ತೂಗುಹಾಕಿ. ಒಂದಕ್ಕೆ ಹೋದಾಗಲೆಲ್ಲ ಜಗ್ಗಿನಲ್ಲಿ ಅಳೆದು, ಗಂಟೆ ಎಷ್ಟು, ಎಷ್ಟು ಮಿಲಿ ಎಂದು ಆಗಲೇ ಬರೆಯಿರಿ. ತಡೆಯಲಾರದೆ ಓಡಿದ್ದರೆ ಪಕ್ಕದಲ್ಲೊಂದು ಗುರುತು ಹಾಕಿ. ಕುಡಿದದ್ದನ್ನೂ ಬರೆಯಿರಿ: ಚಹಾ, ಮಜ್ಜಿಗೆ, ಅಂಬಲಿ, ನೀರು, ಎಲ್ಲ. ಮಲಗಿದ್ದು ಎಷ್ಟಕ್ಕೆ, ಎದ್ದಿದ್ದು ಎಷ್ಟಕ್ಕೆ ಎಂದು ಗೆರೆ ಎಳೆದು ತೋರಿಸಿ. ಮೂರು ದಿನವೂ ಸಾಲಾಗಿ ಆಗಬೇಕೆಂದಿಲ್ಲ. ಮದುವೆ, ಜಾತ್ರೆ, ಬಸ್ ಪ್ರಯಾಣ ಇರುವ ದಿನ ಬಿಟ್ಟುಬಿಡಿ.

ಸಂಜೆ ಕೂತು ನೆನಪಿನಿಂದ ಬರೆಯಬೇಡಿ. ಹಾಗೆ ಬರೆದ ಪುಟ ನೋಡಿದ ಕೂಡಲೇ ಗೊತ್ತಾಗುತ್ತದೆ, ಮೇಲಿಂದ ಕೆಳಗೆ 200, 200, 200 ಅಂತಲೇ ಇರುತ್ತದೆ. ಲೆಕ್ಕ ಚೆನ್ನಾಗಿ ಕಾಣಲಿ ಎಂದು ನೀರು ಕಡಿಮೆ ಮಾಡುವುದೂ ಬೇಡ.

ಈಗ ಕೂಡಿ. ರಾತ್ರಿ ಮಲಗಿದ ಮೇಲೆ ಹೋದದ್ದಕ್ಕೆ ಬೆಳಗ್ಗೆ ಎದ್ದ ಕೂಡಲೇ ಹೋದದ್ದನ್ನೂ ಸೇರಿಸಿ. ಹಿರಿಯರಲ್ಲಿ ಅದು ಇಡೀ ದಿನದ ಒಟ್ಟಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇದ್ದರೆ, ರಾತ್ರಿ ಏಳುವುದಕ್ಕೆ ಪ್ರಾಸ್ಟೇಟ್ ಒಂದೇ ಕಾರಣ ಅಲ್ಲ. ರಾತ್ರಿ ಹೊತ್ತು ದೇಹ ಮೂತ್ರವನ್ನೇ ಜಾಸ್ತಿ ಮಾಡುತ್ತಿದೆ. ಒಟ್ಟು 3 ಲೀಟರ್ ದಾಟಿದ್ದರೆ ಕುಡಿಯುವುದೇ ಜಾಸ್ತಿ, ಇಲ್ಲವೇ ಶುಗರ್ ಇರಬಹುದು. ಒಟ್ಟು ಸರಿಯಾಗಿಯೇ ಇದ್ದು ಪ್ರತಿ ಸಲ 80, 100 ಮಿಲಿ ಮಾತ್ರ ಬರುತ್ತಿದ್ದರೆ ಆಗ ಮೂತ್ರಕೋಶ, ಪ್ರಾಸ್ಟೇಟ್ ಎರಡನ್ನೂ ಸರಿಯಾಗಿ ನೋಡಬೇಕು.

ನಮ್ಮ ದೊಡ್ಡಪ್ಪ ರಾತ್ರಿ ಐದು ಸಲ ಏಳುತ್ತಿದ್ದರು. ಆಪರೇಷನ್‌ಗೆ ದುಡ್ಡು ಹೊಂದಿಸಿ ಆಗಿತ್ತು. ನಾನು ಹಟ ಹಿಡಿದು ನೋಟ್‌ಬುಕ್ ಬರೆಸಿದೆ. ಒಂದು ದಿನದ ಒಟ್ಟು 1,900 ಮಿಲಿ, ಅದರಲ್ಲಿ ರಾತ್ರಿಯದೇ 1,050. ಬಿಪಿಗೆ ಕೊಟ್ಟಿದ್ದ, ಮೂತ್ರ ಜಾಸ್ತಿ ಮಾಡಿಸುವ ನೀರಿನ ಮಾತ್ರೆಯನ್ನು ಅವರು ಸಂಜೆ ನುಂಗುತ್ತಿದ್ದರು, ಊಟ ಆದ ಮೇಲೆ ಒಂದು ಚೊಂಬು ನೀರು ಬೇರೆ. ಡಾಕ್ಟರು ಆ ಮಾತ್ರೆಯನ್ನು ಬೆಳಗ್ಗೆಗೆ ಬದಲಿಸಿದರು, ಚೊಂಬನ್ನು ಸಂಜೆ ಆರಕ್ಕೆ ಸರಿಸಿದರು. ಎರಡು ಸಲಕ್ಕೆ ಇಳಿಯಿತು. ಪ್ರಾಸ್ಟೇಟ್ ಮಾತ್ರೆ ಈಗಲೂ ನಡೆದಿದೆ, ಆಪರೇಷನ್ ಬೇಕಾಗಲಿಲ್ಲ. ಅಂದರೆ ನೀವೇ ಮಾತ್ರೆ ಹೊತ್ತು ಬದಲಿಸಿ ಎಂದಲ್ಲ, ನೋಟ್‌ಬುಕ್ ತೋರಿಸಿ ಕೇಳಿ.

ಮೂರನೇ ಹೆಜ್ಜೆ: ಪರೀಕ್ಷೆಗಳು

ಮೂತ್ರ ಪರೀಕ್ಷೆ, ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಧಾರೆಯ ವೇಗ ಅಳೆಯುವ ಯೂರೋಫ್ಲೋ. ಡಾಕ್ಟರು ಬೆರಳಿನಿಂದ ಪರೀಕ್ಷೆ ಮಾಡುತ್ತೇನೆ ಎಂದರೆ ಬೇಡ ಅನ್ನಬೇಡಿ, ಒಂದು ನಿಮಿಷವೂ ಆಗುವುದಿಲ್ಲ.

ಸ್ಕ್ಯಾನಿಂಗ್‌ಗೆ ಹೋದವರು ಬೇಗ ಮುಗಿಯಲಿ ಎಂದು ಎರಡು ಬಾಟಲ್ ನೀರು ಗಟಗಟ ಕುಡಿದು ಒದ್ದಾಡುತ್ತಾರೆ. ಮೂತ್ರಕೋಶ ಅತಿಯಾಗಿ ಹಿಗ್ಗಿದರೆ ಪೂರ್ತಿ ಖಾಲಿ ಆಗುವುದಿಲ್ಲ. ರಿಪೋರ್ಟಿನಲ್ಲಿ ಉಳಿಕೆ, ಅಂದರೆ ಹೋಗಿ ಬಂದ ಮೇಲೂ ಒಳಗೆ ಉಳಿದ ಮೂತ್ರ, ಜಾಸ್ತಿ ಬರುತ್ತದೆ, ಮನೆಯವರೆಲ್ಲ ಗಾಬರಿ. ಅವಸರ ಬರುವಷ್ಟು ತುಂಬಿದರೆ ಸಾಕು. ಇನ್ನು ಮೂತ್ರದ ಸೋಂಕು ಇದ್ದಾಗ, ಮೂತ್ರಕ್ಕೆ ಪೈಪ್ (ಕ್ಯಾಥೆಟರ್) ಹಾಕಿಸಿಕೊಂಡ ಹೊಸದರಲ್ಲಿ ಪಿಎಸ್‌ಎ ಮಾಡಿಸಬೇಡಿ. ಸುಮ್ನೆ ಏರಿರುತ್ತದೆ.

ನಾಲ್ಕನೇ ಹೆಜ್ಜೆ: ದಾರಿ ಆರಿಸುವುದು

ಅಂಕ 7ರ ಒಳಗಿದ್ದು, ನಿಮಗೂ ಅಷ್ಟೇನೂ ಕಷ್ಟ ಅನಿಸದಿದ್ದರೆ ಕಾದು ನೋಡಬಹುದು. ಸಂಜೆಯ ಚಹಾ ಬಿಡಿ, ಮಲಗುವ ಎರಡು ತಾಸು ಮುಂಚೆ ನೀರು ನಿಲ್ಲಿಸಿ, ಮಲಬದ್ಧತೆ ಆಗದಂತೆ ನೋಡಿಕೊಳ್ಳಿ, ವರ್ಷಕ್ಕೊಮ್ಮೆ ತೋರಿಸಿ.

ಮಾತ್ರೆಗಳಲ್ಲಿ ಎರಡು ಜಾತಿ. ಇವೆರಡರ ವ್ಯತ್ಯಾಸ ಗೊತ್ತಿಲ್ಲದೆ ಅರ್ಧಕ್ಕೆ ಬಿಡುವವರನ್ನು ವಾರಕ್ಕೊಬ್ಬರಾದರೂ ನೋಡುತ್ತೇನೆ. ಟ್ಯಾಮ್ಸುಲೋಸಿನ್, ಸೈಲೋಡೋಸಿನ್, ಆಲ್ಫುಝೋಸಿನ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತವೆ. ಕೆಲವೇ ದಿನದಲ್ಲಿ ಧಾರೆ ಬಿಡುತ್ತದೆ, ಆದರೆ ಗ್ರಂಥಿ ಕರಗುವುದಿಲ್ಲ. ಎದ್ದ ಕೂಡಲೇ ತಲೆ ಸುತ್ತಬಹುದು, ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ. ವೀರ್ಯ ಬರುವುದು ಕಡಿಮೆಯೂ ಆಗಬಹುದು. ಕಣ್ಣಿನ ಪೊರೆ ಆಪರೇಷನ್ ಇದ್ದರೆ ಈ ಮಾತ್ರೆಯ ಹೆಸರನ್ನು ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಪಾಪೆ ಸಡಿಲವಾಗಿ ಆಪರೇಷನ್ ಕಷ್ಟವಾಗುತ್ತದೆ.

ಫಿನಾಸ್ಟರೈಡ್, ಡುಟಾಸ್ಟರೈಡ್ ಇನ್ನೊಂದು ಜಾತಿ. ಇವು ಗ್ರಂಥಿಯನ್ನೇ ಸುಮಾರು ಕಾಲು ಭಾಗ ಕುಗ್ಗಿಸುತ್ತವೆ, ಗ್ರಂಥಿ ದೊಡ್ಡದಿದ್ದವರಿಗೆ ಕೊಡುತ್ತಾರೆ. ಆದರೆ ಆರು ತಿಂಗಳು ಬೇಕು. "ಒಂದ್ ಸ್ಟ್ರಿಪ್ ನುಂಗಿದೆ, ಏನೂ ಆಗ್ಲಿಲ್ಲ" ಎಂದು ಬಿಟ್ಟವರಿಗೆ ನಾನು ಹೇಳುವುದು ಇಷ್ಟೇ: "ಯಜಮಾನ್ರೆ, ಅಡಿಕೆ ಸಸಿ ನೆಟ್ಟ ತಿಂಗಳಿಗೆ ಗೊನೆ ಕೇಳ್ತೀರಾ?" ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆ ಆಗುತ್ತದೆ, ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ಇವು ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸುತ್ತವೆ. ಆರು ತಿಂಗಳಾದ ಮೇಲೆ 3 ಬಂದರೆ ಅದನ್ನು 6 ಎಂದೇ ಓದಬೇಕು. ಇದನ್ನು ಮರೆತರೆ ಕ್ಯಾನ್ಸರ್ ಸುಳಿವು ತಪ್ಪಿಹೋಗುತ್ತದೆ. ಮನೆಯಲ್ಲಿ ಬಸುರಿ ಸೊಸೆಯೋ ಮಗಳೋ ಇದ್ದರೆ ಒಡೆದ ಕ್ಯಾಪ್ಸೂಲ್ ಮುಟ್ಟಲು ಬಿಡಬೇಡಿ.

"ಆಪರೇಷನ್ ಇಲ್ಲದೆ ಗುಣ" ಎಂದು ಗೋಡೆಗೆ ಹಚ್ಚಿದ ಜಾಹೀರಾತಿನ ಪುಡಿ, ಕ್ಯಾಪ್ಸೂಲ್ ಬೇಡವೇ ಬೇಡ. ಇವುಗಳಲ್ಲಿ ಹೆಸರುವಾಸಿಯಾದ ಸಾ ಪಾಲ್ಮೆಟೊ ಅನ್ನುವ ಗಿಡದ ಹಣ್ಣಿನ ಸಾರವನ್ನು ಅಮೆರಿಕದಲ್ಲಿ ಚೆನ್ನಾಗಿ ಪರೀಕ್ಷಿಸಿದ್ದಾರೆ. 2006ರಲ್ಲಿ ಒಮ್ಮೆ, 2011ರಲ್ಲಿ ಮೂರು ಪಟ್ಟು ಪ್ರಮಾಣದವರೆಗೆ ಕೊಟ್ಟು ಇನ್ನೊಮ್ಮೆ. ಎರಡೂ ಸಲ ಔಷಧವೇ ಇಲ್ಲದ ಖಾಲಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ನಾನು ಅದನ್ನು ಅಂಗಡಿಯಲ್ಲಿ ಇಡುವುದನ್ನೇ ಬಿಟ್ಟೆ. ನೆಗಡಿ ಮಾತ್ರೆಯನ್ನೂ ಸುಮ್ನೆ ಕೇಳಿ ನುಂಗಬೇಡಿ. ಅದರಲ್ಲಿರುವ ಫಿನೈಲೆಫ್ರಿನ್, ಕ್ಲೋರ್‌ಫೆನಿರಮೈನ್‌ನಿಂದ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ಹಾಗೆ ಕಟ್ಟಿಕೊಂಡರೆ ಬಾರ್ಲಿ ನೀರು, ಎಳನೀರು ಕುಡಿಸುತ್ತಾ ಬೆಳಗಾಗಲಿ ಎಂದು ಕಾಯಬೇಡಿ. ಕುಡಿದಷ್ಟೂ ಮೂತ್ರಕೋಶ ಉಬ್ಬುತ್ತದೆ. ಮಧ್ಯರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಿ ಪೈಪ್ ಹಾಕಿಸಿ.

ಆಪರೇಷನ್ ಮುಂದೂಡಬಾರದ ಸಂದರ್ಭಗಳಿವೆ: ಮೂತ್ರ ಪದೇ ಪದೇ ಕಟ್ಟುವುದು, ಸೋಂಕು ಮರುಕಳಿಸುವುದು, ರಕ್ತ ಹೋಗುತ್ತಲೇ ಇರುವುದು, ಮೂತ್ರಕೋಶದಲ್ಲಿ ಕಲ್ಲು, ಒತ್ತಡದಿಂದ ಕಿಡ್ನಿ ಕೆಡುವುದು. ಉಳಿದವರು ಮಾತ್ರೆಯಿಂದ ನೆಮ್ಮದಿ ಸಿಗದಿದ್ದರೆ ಯೋಚಿಸಬಹುದು. ಟಿಯುಆರ್‌ಪಿ ಅನ್ನುವ ಆಪರೇಷನ್ನಿನಲ್ಲಿ ಹೊಟ್ಟೆ ಕೊಯ್ಯುವುದಿಲ್ಲ, ಮೂತ್ರನಾಳದ ಮೂಲಕವೇ ಹೆರೆದು ತೆಗೆಯುತ್ತಾರೆ. ಹೋಲೆಪ್ ಅನ್ನುವ ಲೇಸರ್ ವಿಧಾನ ಬಹಳ ದೊಡ್ಡ ಗ್ರಂಥಿಗೂ ಆಗುತ್ತದೆ, ರಕ್ತ ಹೋಗುವುದು ಕಡಿಮೆ. ಹಾಗೆಂದು ಲೇಸರ್ ಅನ್ನುವ ಹೆಸರಿಗೆ ಮರುಳಾಗಬೇಡಿ. ಮಾಡುವವರ ಕೈ ಎಷ್ಟು ಪಳಗಿದೆ ಅನ್ನುವುದೇ ಮುಖ್ಯ, "ನೀವು ಇಂಥದ್ದು ಎಷ್ಟು ಮಾಡಿದ್ದೀರಿ ಸರ್?" ಎಂದು ಕೇಳಿ. ಎರಡರಲ್ಲೂ ಬಹಳಷ್ಟು ಜನರಿಗೆ ವೀರ್ಯ ಹೊರಬರದೆ ಹಿಂದಕ್ಕೆ ಹೋಗುತ್ತದೆ. ಗಂಡ ಹೆಂಡತಿ ಇಬ್ಬರೂ ಕೂತು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಖರ್ಚಿನ ಚಿಂತೆ ಇದ್ದವರು ಮೊದಲು ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಐದನೇ ಹೆಜ್ಜೆ: ಮತ್ತೆ ನೋಟ್‌ಬುಕ್

ಯಾವ ದಾರಿ ಹಿಡಿದರೂ ಮೂರು ತಿಂಗಳಾದ ಮೇಲೆ, ಫಿನಾಸ್ಟರೈಡ್, ಡುಟಾಸ್ಟರೈಡ್ ಆದರೆ ಆರು ತಿಂಗಳಾದ ಮೇಲೆ, ಮತ್ತೆ ಮೂರು ದಿನ ಬರೆಯಿರಿ. ಏಳು ಪ್ರಶ್ನೆಗೂ ಮತ್ತೆ ಅಂಕ ಹಾಕಿ. ಹಳೆ ಪುಟ, ಹೊಸ ಪುಟ ಎರಡನ್ನೂ ಡಾಕ್ಟರ ಮುಂದೆ ಬಿಡಿಸಿಡಿ, ಮಾತ್ರೆ ಮುಂದುವರಿಸಬೇಕೋ ಬದಲಿಸಬೇಕೋ ಆಗ ಕೇಳಿ.